ಅರಸಿ ಮತ್ತು ಆಳ್ವಿಕೆ: ಕನ್ನಡ ನಾಡಿನ ರಾಣಿಯರ ಚರಿತ್ರೆಯನ್ನು ಓದುವ ಬಗೆ

ಮುಂಬಯಿಯ ಧಾರಾವಿಯಲ್ಲಿ, ಮಿಠಿ ನದಿಯ ಅಂಚಿಗೆ, ಒಂದು ಹಳೆಯ ಕೋಟೆಯ ಅವಶೇಷವಿದೆ. ಗ್ರಂಥಗಳಲ್ಲಿ ಅದರ ಹೆಸರು ರೀವಾ ಕೋಟೆ. ಸುತ್ತಲಿನ ಜನರ ಬಾಯಲ್ಲಿ ಅದು ಕಾಲಾ ಕಿಲ್ಲಾ. ಮುಂಬಯಿಯ ಗವರ್ನರನಾಗಿದ್ದ ಜಾನ್ ಹಾರ್ನನ ಅಪ್ಪಣೆಯಂತೆ 1737ರಲ್ಲಿ ಅದನ್ನು ಕಟ್ಟಲಾಯಿತೆಂದು ಅಲ್ಲಿಯ ಕಲ್ಬರಹ ತಿಳಿಸುತ್ತದೆ. ಇಂಗ್ಲಿಷರ ಸೀಮೆ ಅಂದು ಅಲ್ಲಿಗೆ ಮುಗಿಯುತ್ತಿತ್ತು. ನೀರಿನಾಚೆಯ ಸಾಲ್ಸೆಟ್ ಪೋರ್ಚುಗೀಸರದಾಗಿದ್ದು, ಅದೇ ವರ್ಷ ಮರಾಠರ ಕೈಸೇರತೊಡಗಿತು. ಇಂದು ಆ ಕೋಟೆಯ ಸುತ್ತ ತಮಿಳು, ಮರಾಠಿ, ಗುಜರಾತಿ, ಹಿಂದಿ, ಉರ್ದು, ತೆಲುಗುಗಳ ನಡುವೆ ಕನ್ನಡವೂ ಕೇಳಿಬರುತ್ತದೆ.

ಇಂಗ್ಲಿಷರಿಗೆ ಈ ಸೀಮೆ ದೊರೆತದ್ದು ಯುದ್ಧದಿಂದಲ್ಲ, ಬಳುವಳಿಯಿಂದ. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಡುವಾಗ ಆದ 1661ರ ಒಪ್ಪಂದದಲ್ಲಿ ಮುಂಬಯಿಯೂ ಸೇರಿತ್ತು. 1668ರಲ್ಲಿ ಚಾರ್ಲ್ಸನು ಅದನ್ನು ವರ್ಷಕ್ಕೆ 10 ಪೌಂಡಿನ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದನು. ಹೀಗೆ ಒಬ್ಬ ರಾಣಿಯ ಹೆಸರಿನಲ್ಲಿ ನಗರವೊಂದು ಕೈಬದಲಾಯಿತು. ಆದರೆ ಆ ವಿಷಯದಲ್ಲಿ ಆ ರಾಣಿಯನ್ನು ಕೇಳಿದವರಿರಲಿಲ್ಲ. ಇಂಗ್ಲೆಂಡಿನಲ್ಲಿ ಕ್ಯಾಥರೀನಳು ರಾಣಿಯಾಗಿದ್ದಳು, ಆಳಲಿಲ್ಲ. ವಿಧವೆಯಾಗಿ ತವರಿಗೆ ಮರಳಿದ ಮೇಲೆ, 1704-05ರ ಸುಮಾರಿಗೆ, ತಮ್ಮನ ಪರವಾಗಿ ಪೋರ್ಚುಗಲ್ಲಿನ ಆಡಳಿತವನ್ನು ನೋಡಿಕೊಂಡಳು. ಅಲ್ಲಿ ಆಳಿದಳು, ಆದರೆ ಅಲ್ಲಿಯ ರಾಣಿಯೆನಿಸಿಕೊಳ್ಳಲಿಲ್ಲ.

‘ರಾಣಿ’ ಎಂಬ ಪದದಲ್ಲಿರುವ ತೊಡಕನ್ನು ಈ ಒಂದು ಬದುಕೇ ತೋರಿಸಿಕೊಡುತ್ತದೆ. ಅರಸನ ಹೆಂಡತಿಗೂ ಅರಸೊತ್ತಿಗೆ ನಡೆಸಿದವಳಿಗೂ ಕನ್ನಡದಲ್ಲಿ ಬಳಕೆಯಲ್ಲಿರುವುದು ಅರಸಿ, ರಾಣಿ ಎಂಬ ಅವೇ ಹೆಸರುಗಳು. ಇಂಗ್ಲಿಷಿನಲ್ಲಿಯೂ ಮೂಲಪದ ಒಂದೇ. ವಿಶೇಷಣವನ್ನು ಸೇರಿಸಿ ಅಲ್ಲಿಯ ಚರಿತ್ರಕಾರರು ಆಳಿದವಳನ್ನು ಬೇರ್ಪಡಿಸುತ್ತಾರೆ. ಕನ್ನಡದ ಚರಿತ್ರೆಯ ಬರವಣಿಗೆಯಲ್ಲಿ ಈ ವಿವೇಚನೆ ಸಾಕಷ್ಟು ನಡೆದಿಲ್ಲ. ಶಾಂತಲೆಯೂ ಚೆನ್ನಭೈರಾದೇವಿಯೂ ಒಂದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತಾರೆ. ನಾಟ್ಯದಲ್ಲಿ ನಿಪುಣೆಯಾದ ಪಟ್ಟದರಸಿ, ಯುದ್ಧದಲ್ಲಿ ಕತ್ತಿ ಹಿಡಿದ ವೀರರಾಣಿ, ಬಸದಿ ಕಟ್ಟಿಸಿದ ದಾನಿ, ಇವರೆಲ್ಲರೂ ‘ಕರ್ನಾಟಕದ ರಾಣಿಯರು’ ಎಂಬ ಒಂದೇ ಅಧ್ಯಾಯದಲ್ಲಿ ಮುಗಿದುಹೋಗುತ್ತಾರೆ. ನಾಮಪದವನ್ನು ಬಿಟ್ಟು ಕ್ರಿಯಾಪದವನ್ನು ಹಿಡಿದು ಈ ಚರಿತ್ರೆಯನ್ನು ಮತ್ತೆ ಓದಬೇಕಾಗಿದೆ. ಆಕೆ ಯಾರ ಹೆಂಡತಿ ಎಂಬುದಕ್ಕಿಂತ ಆಕೆ ಏನನ್ನು ಆಳಿದಳು, ಯಾವ ಅಧಿಕಾರದಿಂದ ಆಳಿದಳು ಎಂಬುದು ಮುಖ್ಯವಾಗಬೇಕು.

ಇಂಗ್ಲೆಂಡಿನ ಪ್ರಶ್ನೆ

ಹೋಲಿಕೆಗಾಗಿ ಇಂಗ್ಲೆಂಡಿನ ಚರಿತ್ರೆಯನ್ನು ಸ್ವಲ್ಪ ಗಮನಿಸಬಹುದು. 1141ರಲ್ಲಿ ಮೊದಲನೆಯ ಹೆನ್ರಿಯ ಮಗಳು ಮಟಿಲ್ಡಾ ಸಿಂಹಾಸನದ ಹತ್ತಿರದವರೆಗೆ ಬಂದಳು. ಲಂಡನ್ನಿನ ಜನ ತಿರುಗಿಬಿದ್ದುದರಿಂದ ಪಟ್ಟಾಭಿಷೇಕವಾಗಲಿಲ್ಲ. ಆ ಬಳಿಕ ನಾಲ್ಕು ಶತಮಾನಗಳ ಕಾಲ ಹೆಣ್ಣಿಗೆ ಅಂಥ ಅವಕಾಶ ಬರಲಿಲ್ಲ. 1553ರಲ್ಲಿ ಜೇನ್ ಗ್ರೇ ಕೆಲವೇ ದಿನಗಳ ರಾಣಿಯಾಗಿ ಕೊನೆಗೆ ತಲೆ ಕೊಟ್ಟಳು. ಅದೇ ವರ್ಷ ಪಟ್ಟವೇರಿದ ಮೊದಲನೆಯ ಮೇರಿಯ ಕಾಲದಲ್ಲಿ ಅಲ್ಲಿಯ ಪಾರ್ಲಿಮೆಂಟಿಗೆ ಒಂದು ಕಾನೂನು ಮಾಡಬೇಕಾಯಿತು. ಅರಸೊತ್ತಿಗೆಯ ಅಧಿಕಾರ ಗಂಡಿನ ಕೈಯಲ್ಲಿರಲಿ ಹೆಣ್ಣಿನ ಕೈಯಲ್ಲಿರಲಿ ಒಂದೇ ಎಂಬುದು 1554ರ ಆ ಕಾನೂನಿನ ತಾತ್ಪರ್ಯ. ಹಾಗೆಂದು ಬರೆದು ಘೋಷಿಸಬೇಕಾಯಿತೆಂಬುದೇ ಅದು ಒಪ್ಪಿತವಾದ ಸಂಗತಿಯಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ. ನಾಲ್ಕು ವರ್ಷಗಳ ಅನಂತರ, 1558ರಲ್ಲಿ, ಹೆಣ್ಣಿನ ಆಳ್ವಿಕೆ ದೈವಸೃಷ್ಟಿಗೇ ವಿರುದ್ಧವೆಂದು ಜಾನ್ ನಾಕ್ಸ್ ಎಂಬ ಧರ್ಮಬೋಧಕನು ಹೊತ್ತಗೆಯನ್ನೇ ಪ್ರಕಟಿಸಿದನು. ಅದೇ ವರ್ಷ ಮೊದಲನೆಯ ಎಲಿಜಬೆತ್ ಪಟ್ಟಕ್ಕೆ ಬಂದಳು. 1603ರವರೆಗೆ, 44 ವರ್ಷಗಳಿಗೂ ಮೀರಿ ಆಳಿದಳು. ತನ್ನದು ಹೆಣ್ಣಿನ ದೇಹವಾದರೂ ಅರಸನ ಎದೆಯುಳ್ಳವಳು ತಾನೆಂಬ ಅರ್ಥದ ಮಾತು ಆಕೆಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಆಳುವ ಹೆಣ್ಣು ತನ್ನನ್ನು ಗಂಡೆಂದು ವರ್ಣಿಸಿಕೊಳ್ಳಬೇಕಾದ ಅನಿವಾರ್ಯ ಅದರಲ್ಲಿ ಕಾಣುತ್ತದೆ.

1689ರಲ್ಲಿ ಎರಡನೆಯ ಮೇರಿ ತನ್ನ ಗಂಡ ಮೂರನೆಯ ವಿಲಿಯಮ್ಮನೊಡನೆ ಜಂಟಿಯಾಗಿ ಪಟ್ಟವೇರಿದಳು. ಹಕ್ಕು ಇದ್ದದ್ದು ಹೆಚ್ಚಾಗಿ ಆಕೆಗೆ. ಆದರೆ ಅಧಿಕಾರವನ್ನು ಚಲಾಯಿಸುವವನು ವಿಲಿಯಮ್ಮನೊಬ್ಬನೇ ಎಂದು ಪಾರ್ಲಿಮೆಂಟು ಗೊತ್ತುಮಾಡಿತು. ಹೆಸರು ಇಬ್ಬರದು, ಆಳ್ವಿಕೆ ಒಬ್ಬನದು. 1702ರಿಂದ 1714ರವರೆಗೆ ಆಳಿದ ಆ್ಯನಳು ಹದಿನೇಳು ಬಾರಿ ಗರ್ಭ ಧರಿಸಿಯೂ ಉತ್ತರಾಧಿಕಾರಿಯನ್ನು ಉಳಿಸಿ ಹೋಗಲಾಗಲಿಲ್ಲ; ಸಿಂಹಾಸನ ಜರ್ಮನಿಯ ಹ್ಯಾನೋವರ್ ಮನೆತನಕ್ಕೆ ಹೋಯಿತು. 1837ರಿಂದ 1901ರವರೆಗೆ ವಿಕ್ಟೋರಿಯಾ, 1952ರಿಂದ 2022ರವರೆಗೆ ಎರಡನೆಯ ಎಲಿಜಬೆತ್ ದೀರ್ಘಕಾಲ ರಾಣಿಯರಾಗಿದ್ದರು. ಅಷ್ಟು ಹೊತ್ತಿಗೆ ಆಳುವ ಕೆಲಸ ಮಂತ್ರಿಮಂಡಲದ ಕೈಗೆ ಸರಿದಿತ್ತು. ಅಕ್ಕನನ್ನು ಹಿಂದಿಕ್ಕಿ ತಮ್ಮನಿಗೆ ಪಟ್ಟ ಕಟ್ಟುವ ಪದ್ಧತಿ ಅಲ್ಲಿ ಕಾನೂನಿನಿಂದ ರದ್ದಾದದ್ದು 2013ರಲ್ಲಿ.

ಶಾಸನಗಳ ಸಾಕ್ಷ್ಯ

ಇಂಥ ಪ್ರಶ್ನೆ ಕನ್ನಡ ನಾಡಿನಲ್ಲಿ ಯಾವ ರೂಪದಲ್ಲಿ ಎದುರಾಗಿತ್ತು? 10ನೆಯ ಶತಮಾನದ ಆರಂಭಕ್ಕೆ ಸೇರಿದ ಬಂದಳಿಕೆಯ ಶಾಸನ ಇಲ್ಲಿ ಮೊದಲು ನೆನಪಿಗೆ ಬರುತ್ತದೆ. ರಾಷ್ಟ್ರಕೂಟರ ಆಳ್ವಿಕೆಯಲ್ಲಿ ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪದವಿ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂದಿತು. ಆಕೆ ಹೆಣ್ಣಾಗಿದ್ದೂ ಆಡಳಿತದಲ್ಲಿ ಸಮರ್ಥಳಾಗಿದ್ದಳೆಂದು ಶಾಸನ ಹೊಗಳುತ್ತದೆ. ಕೊನೆಯಲ್ಲಿ ಆಕೆ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ‘ಹೆಣ್ಣಾಗಿದ್ದೂ’ ಎಂಬ ಮಾತು ಅಂದಿನ ಪೂರ್ವಗ್ರಹವನ್ನು ಬಿಟ್ಟುಕೊಡುತ್ತದೆ, ನಿಜ. ಆದರೆ ಪದವಿ ಆಕೆಗೆ ಸಂದಿತು, ಆಕೆ ಅದನ್ನು ನಡೆಸಿದಳು ಎಂಬ ವಿಷಯದಲ್ಲಿ ಶಾಸನಕ್ಕೆ ಸಂದೇಹವಿಲ್ಲ. ಆಕೆ ರಾಣಿಯಲ್ಲ, ‘ರಾಣಿಯರ’ ಪಟ್ಟಿಯಲ್ಲಿ ಆಕೆಯ ಹೆಸರು ಬರುವುದೂ ಅಪರೂಪ. ಆಳಿದವಳೆಂಬ ದೃಷ್ಟಿಯಿಂದ ನೋಡಿದರೆ ಅನೇಕ ಪಟ್ಟದರಸಿಯರಿಗಿಂತ ಆಕೆಯ ಸ್ಥಾನ ದೊಡ್ಡದು.

ಕಲ್ಯಾಣ ಚಾಲುಕ್ಯರ ಅಕ್ಕಾದೇವಿ ಇನ್ನೊಂದು ನಿದರ್ಶನ. ಆಕೆ ಇಮ್ಮಡಿ ಜಯಸಿಂಹನ ಅಕ್ಕ. ಕಿಸುಕಾಡು ಎಪ್ಪತ್ತು ಮೊದಲಾದ ಪ್ರದೇಶಗಳನ್ನು 11ನೆಯ ಶತಮಾನದಲ್ಲಿ ಹಲವು ದಶಕಗಳ ಕಾಲ ಆಳಿದಳು. ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದಳು. ‘ಗುಣದ ಬೆಡಂಗಿ’ ಎಂಬ ಬಿರುದನ್ನು ಹೊತ್ತಳು. ಇಂದಿನ ಬಾಗಲಕೋಟೆ ಜಿಲ್ಲೆಯ ಅರಸೀಬೀಡು ಆಕೆಯ ನೆಲೆ. ಬೀಡು ಎಂಬುದು ಆಡಳಿತದ ಠಾಣ್ಯ, ಅಂತಃಪುರವಲ್ಲ. ಊರಿನ ಹೆಸರಿನಲ್ಲಿ ಉಳಿದಿರುವ ಈ ಸೂಕ್ಷ್ಮವನ್ನು ಚರಿತ್ರೆಯ ಪುಸ್ತಕಗಳು ಗಮನಿಸಿದಂತಿಲ್ಲ. ಮೊದಲನೆಯ ಸೋಮೇಶ್ವರನ ರಾಣಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳೆಂದು ಹೊನವಾಡದ ಶಾಸನ ತಿಳಿಸುತ್ತದೆ. ಆಕೆ ಅರಸನ ಹೆಂಡತಿಯೂ ಹೌದು, ಸ್ವತಂತ್ರವಾಗಿ ಒಂದು ಪ್ರದೇಶದ ಒಡತಿಯೂ ಹೌದು. 13ನೆಯ ಶತಮಾನದ ಕೊನೆಯ ಭಾಗದಲ್ಲಿ ಆಳುಪರ ಬಲ್ಲಮಹಾದೇವಿ ಬಾರಕೂರಿನಿಂದ ರಾಜ್ಯವಾಳಿದಳು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನೆರೆಯ ಓರುಗಲ್ಲಿನಲ್ಲಿ ಕಾಕತೀಯರ ರುದ್ರಮದೇವಿ ಶಾಸನಗಳಲ್ಲಿ ರುದ್ರದೇವ ಮಹಾರಾಜನೆಂಬ ಗಂಡುಹೆಸರಿನಿಂದ ಕಾಣಿಸಿಕೊಳ್ಳುವುದನ್ನು ನೆನೆದರೆ, ಇಂಗ್ಲೆಂಡಿನ ಎಲಿಜಬೆತ್ತಳ ಮಾತಿನ ಹಿಂದಿದ್ದ ಇಕ್ಕಟ್ಟು ಈ ನೆಲಕ್ಕೂ ಹೊಸದಲ್ಲವೆಂಬುದು ತಿಳಿಯುತ್ತದೆ.

ಶಾಸನಗಳ ‘ಆಳುತ್ತಮಿರೆ’, ‘ರಾಜ್ಯಂಗೆಯ್ಯುತ್ತಮಿರೆ’ ಎಂಬಂಥ ಒಕ್ಕಣೆಗಳು ಬಹಳ ಸಲ ರೂಢಿಯ ಮಾತುಗಳೆಂದು ಓದುಗರ ಕಣ್ಣಿನಿಂದ ಜಾರಿಹೋಗುತ್ತವೆ. ಹೆಣ್ಣೊಬ್ಬಳ ಹೆಸರಿನ ಮುಂದೆ ಆ ಕ್ರಿಯಾಪದ ಬಂದಾಗ ಅದು ರೂಢಿಯ ಮಾತಾಗಿ ಉಳಿಯುವುದಿಲ್ಲ. ಅದು ಅಧಿಕಾರದ ದಾಖಲೆ. ಅಂಥ ಶಾಸನಗಳನ್ನೆಲ್ಲ ಒಂದೆಡೆ ತಂದು, ಯಾವ ಕ್ರಿಯಾಪದ ಯಾವ ಪದವಿಯೊಡನೆ ಬರುತ್ತದೆಂದು ಪರಿಶೀಲಿಸುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕೆಲಸ. ಇದು ಭಾಷೆಯನ್ನು ಬಲ್ಲವರಿಂದ ಮಾತ್ರ ಆಗತಕ್ಕದ್ದು.

ಮೆಣಸಿನ ನಾಡು, ಕಾಲುವೆಯ ದಂಡೆ

ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಹಾಡುವಳ್ಳಿ, ನಗಿರೆ ರಾಜ್ಯಗಳನ್ನು ಆಳಿದಳೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದು 54 ವರ್ಷಗಳ ಆಳ್ವಿಕೆ. ಆಕೆಯ ಸಮಕಾಲೀನಳಾದ ಮೊದಲನೆಯ ಎಲಿಜಬೆತ್ತಳಿಗಿಂತ ಸುಮಾರು ಹತ್ತು ವರ್ಷ ಹೆಚ್ಚು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದರು. 1600ರ ಡಿಸೆಂಬರ್ 31ರಂದು ಎಲಿಜಬೆತ್ ಲಂಡನ್ನಿನ ವರ್ತಕರಿಗೆ ಪೂರ್ವದೇಶಗಳ ವ್ಯಾಪಾರದ ಸನ್ನದನ್ನು ಕೊಟ್ಟಳು. ಆ ವರ್ತಕರ ಮೊದಲ ಆಸೆ ಮೆಣಸು ಮತ್ತು ಸಂಬಾರಗಳ ಮೇಲಿತ್ತು. ಆ ಹೊತ್ತಿಗೆ ಮೆಣಸು ಬೆಳೆಯುವ ನಾಡೊಂದನ್ನು ಇನ್ನೊಬ್ಬ ಹೆಂಗಸು ಅರ್ಧ ಶತಮಾನದಿಂದ ಆಳುತ್ತಿದ್ದಳು. ಒಬ್ಬಳು ಕೊಳ್ಳುವವರ ನಾಡಿನ ಒಡತಿ, ಇನ್ನೊಬ್ಬಳು ಬೆಳೆಯುವವರ ನಾಡಿನ ಒಡತಿ. ಇವರಿಬ್ಬರನ್ನು ಒಂದೇ ಪುಟದಲ್ಲಿ ತಂದು ಓದಿದ ವಿದ್ಯಾರ್ಥಿಗಳು ಎಷ್ಟು ಮಂದಿ?

ಕರಾವಳಿಯಲ್ಲಿ ಇಂಥ ಆಳ್ವಿಕೆ ಸಾಧ್ಯವಾದದ್ದು ಆಕಸ್ಮಿಕವಲ್ಲ. ಅಳಿಯಸಂತಾನ ಪದ್ಧತಿಯಲ್ಲಿ ಮನೆತನದ ಹಕ್ಕು ಹೆಣ್ಣಿನ ಮೂಲಕ ಹರಿಯುತ್ತದೆ; ಮಾವನಿಂದ ಸೋದರಳಿಯನಿಗೆ, ಸೋದರಸೊಸೆಗೆ ಬರುತ್ತದೆ. ಉಳ್ಳಾಲದ ಚೌಟ ಮನೆತನದ ಅಬ್ಬಕ್ಕನಿಗೆ ಪಟ್ಟ ಬಂದದ್ದು ಮಾವನಿಂದ, ಗಂಡನಿಂದಲ್ಲ. ಆಕೆಯ ಗಂಡ ಮಂಗಳೂರಿನ ಬಂಗರಸ. ಅವನೊಡನೆ ವಿರಸವುಂಟಾದಾಗಲೂ ಆಕೆಯ ಪಟ್ಟಕ್ಕೆ ಧಕ್ಕೆ ಬರಲಿಲ್ಲ. ಮದುವೆ ಮುರಿದರೂ ಅಧಿಕಾರ ಮುರಿಯದ ಈ ವ್ಯವಸ್ಥೆ ಅಂದಿನ ಇಂಗ್ಲೆಂಡಿಗೆ ಊಹೆಗೂ ನಿಲುಕದ್ದು. ಹೆಣ್ಣಿನ ಮೂಲಕ ಬಂದ ಹಕ್ಕನ್ನು ಬಹುಮಟ್ಟಿಗೆ ಗಂಡೇ ಚಲಾಯಿಸುತ್ತಿದ್ದನೆಂಬ ಮಾತೂ ನಿಜವೇ. ಆದರೆ ಹೆಣ್ಣು ಆಳಲು ನಿಂತಾಗ ಅದಕ್ಕೆಂದು ಬೇರೆ ಕಾನೂನು ಬೇಕಾಗಲಿಲ್ಲ.

ಪೋರ್ಚುಗೀಸರನ್ನು 16ನೆಯ ಶತಮಾನದಿಂದ ಎದುರಿಸಿದ ಉಳ್ಳಾಲದ ರಾಣಿಯರು ಒಬ್ಬರಿಗಿಂತ ಹೆಚ್ಚು ಮಂದಿಯೆಂದೂ ಜನರ ನೆನಪಿನಲ್ಲಿ ಅವರೆಲ್ಲರೂ ಒಬ್ಬಳೇ ಅಬ್ಬಕ್ಕನಾಗಿ ಬೆರೆತಿದ್ದಾರೆಂದೂ ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಲ್ಲೆ ಉಳ್ಳಾಲದ ರಾಣಿಯನ್ನು ಕಂಡು ಬರೆದ ವಿವರ ಬಹಳ ಬೆಲೆಯುಳ್ಳದ್ದು. ಆತ ಕಂಡದ್ದು ಸಿಂಹಾಸನದ ಮೇಲಿನ ರಾಣಿಯನ್ನಲ್ಲ. ಆಕೆ ಬರಿಗಾಲಿನಲ್ಲಿ, ಸಾದಾ ಬಟ್ಟೆಯಲ್ಲಿ, ತಾಳೆಗರಿಯ ಕೊಡೆಯ ನೆರಳಿನಲ್ಲಿ ನಡೆದು ಬರುತ್ತಿದ್ದಳು; ಹೊಲಗಳಿಗೆ ನೀರು ಹಾಯಿಸಲು ತೋಡುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ನೋಟಕ್ಕೆ ಅಡುಗೆಮನೆಯ ಕೆಲಸದವಳಂತೆ ತೋರಿದ ಈ ಹೆಂಗಸು ಮಾತಿನಲ್ಲಿ ಮಾತ್ರ ರಾಣಿಯೇ ಎಂದು ಆತ ಒಪ್ಪಿಕೊಳ್ಳಬೇಕಾಯಿತು. ಯುರೋಪಿನ ಅರಮನೆಗಳನ್ನು ಕಂಡಿದ್ದ ಪ್ರವಾಸಿಗೆ ಅದು ದಾರಿದ್ರ್ಯವಾಗಿ ಕಂಡಿರಬಹುದು. ಕನ್ನಡದ ಓದುಗರಿಗೆ ಅದು ಆಳ್ವಿಕೆಯಾಗಿ ಕಾಣಬೇಕು. 2012ರಲ್ಲಿ ಭಾರತದ ಕರಾವಳಿ ರಕ್ಷಣಾ ಪಡೆ ತನ್ನ ಒಂದು ಗಸ್ತು ಹಡಗಿಗೆ ರಾಣಿ ಅಬ್ಬಕ್ಕನ ಹೆಸರನ್ನಿಟ್ಟಿತು. ಅದು ಉಚಿತವೇ. ಆದರೆ ಒಂದು ನೀರಾವರಿ ಕಾಲುವೆಗೂ ಆ ಹೆಸರು ಅಷ್ಟೇ ಒಪ್ಪುತ್ತದೆ.

ಆಶ್ರಯ ಕೊಟ್ಟವಳು

ಕೆಳದಿಯ ಚೆನ್ನಮ್ಮಾಜಿಯ ಅಧಿಕಾರಕ್ಕೆ ಮೂಲ ಬೇರೆ. ಆಕೆ ಗಂಡ ಸೋಮಶೇಖರ ನಾಯಕನ ಕೊಲೆಯ ಬಳಿಕ 1671ರ ಸುಮಾರಿಗೆ ಆಡಳಿತವನ್ನು ಕೈಗೆತ್ತಿಕೊಂಡು, ಬಸಪ್ಪ ನಾಯಕನನ್ನು ದತ್ತು ಪಡೆದು, ಸುಮಾರು 25 ವರ್ಷ ಬಿದನೂರಿನಿಂದ ಆಳಿದಳು. ಶಿವಾಜಿಯ ಮಗ ರಾಜಾರಾಮನು 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಆಕೆ ಅವನಿಗೆ ಆಶ್ರಯವಿತ್ತು ಮುಂದಕ್ಕೆ ಸಾಗಿಸಿದಳು. ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಂದಿತು. ಕೆಳದಿಯ ಕಡೆಯ ಬರಹಗಳು ಇದನ್ನು ಗೆಲುವೆಂದು ಕೀರ್ತಿಸಿದರೆ, ಮೊಗಲರ ಕಡೆಯ ಬರಹಗಳು ಅಲ್ಪ ದಂಡವನ್ನು ಪಡೆದು ಬಿಟ್ಟುದಾಗಿ ಹೇಳುತ್ತವೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಮಾತು ಸ್ಥಿರವಾಗಿ ಉಳಿಯುತ್ತದೆ: ರಾಜಾರಾಮ ಜಿಂಜಿಯನ್ನು ಸೇರಿದನು, ಕೆಳದಿ ರಾಜ್ಯವೂ ಉಳಿಯಿತು. ಇದು ಖಡ್ಗದಷ್ಟೇ ರಾಜನೀತಿಯ ಫಲ.

ಮಹಾರಾಷ್ಟ್ರದ ನಾಲ್ಕನೆಯ ತರಗತಿಯ ಚರಿತ್ರೆಯ ಪಾಠಗಳು ಶಿವಾಜಿಗೆ ಮೀಸಲಾದವು. ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಕನ್ನಡದಲ್ಲಿಯೇ ಓದುತ್ತಾರೆ. ಆ ಮನೆತನದ ಕುಡಿಯನ್ನು ಕಾಯ್ದವಳು ತಮ್ಮ ಭಾಷೆಯಲ್ಲಿ ರಾಜ್ಯಭಾರ ನಡೆಸಿದ ಒಬ್ಬ ಹೆಂಗಸೆಂಬುದನ್ನು ಅಧ್ಯಾಪಕರು ಒಂದು ಮಾತಿನಲ್ಲಿ ಸೇರಿಸಿದರೆ, ಎರಡು ನಾಡುಗಳ ನಡುವೆ ಬದುಕುವ ಮಗುವಿಗೆ ಎರಡರಲ್ಲಿಯೂ ಪಾಲಿದೆಯೆಂಬ ಧೈರ್ಯ ಬರುತ್ತದೆ. ಗಡಿಯ ವಿವಾದಗಳು ಕೊಡಲಾರದ ಧೈರ್ಯವದು.

ದತ್ತು ಮಗ ಬಸಪ್ಪ ನಾಯಕನು ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿ ಪ್ರಸಿದ್ಧನಾದನು. ಇಂಗ್ಲೆಂಡಿನ ಎಲಿಜಬೆತ್ ಮತ್ತು ಆ್ಯನರ ಮರಣದೊಡನೆ ಪಟ್ಟ ಬೇರೆ ಮನೆತನಕ್ಕೆ ಹೋಯಿತು. ಕೆಳದಿಯಲ್ಲಿ ವಿಧವೆಯೊಬ್ಬಳು ಉತ್ತರಾಧಿಕಾರಿಯನ್ನು ತಾನೇ ಆರಿಸಿ, ಬೆಳೆಸಿ, ಪಟ್ಟ ಕಟ್ಟಿದಳು. ಹೆಣ್ಣಿನ ಆಳ್ವಿಕೆಗೆ ಕರಾವಳಿಯಲ್ಲಿ ಅಳಿಯಸಂತಾನ ಆಧಾರವಾದಂತೆ, ಮಲೆನಾಡು ಬಯಲುನಾಡುಗಳಲ್ಲಿ ದತ್ತು ಆಧಾರವಾಯಿತು.

ದತ್ತಿನ ಮೇಲೆ ಬಿದ್ದ ಪೆಟ್ಟು

ಈ ಹಿನ್ನೆಲೆಯಲ್ಲಿ ಕಿತ್ತೂರಿನ ಪ್ರಸಂಗವನ್ನು ನೋಡಿದರೆ ಅದರ ಅರ್ಥ ಇನ್ನಷ್ಟು ಆಳವಾಗುತ್ತದೆ. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡನು. ಅವನ ಮಗ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತಾಗ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ಮಾಡಿಕೊಳ್ಳಲಾಯಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಮಾನ್ಯಮಾಡಲಿಲ್ಲ. ಧಾರವಾಡ ಅಂದು ಮುಂಬಯಿ ಗವರ್ನರನ ಕೈಕೆಳಗೆ ಬರುತ್ತಿತ್ತು. ಮೌಂಟ್‌ಸ್ಟುಅರ್ಟ್ ಎಲ್ಫಿನ್‌ಸ್ಟನ್ ಆಗ ಗವರ್ನರ್. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದನು. ಡಿಸೆಂಬರಿನಲ್ಲಿ ಹೆಚ್ಚಿನ ಸೈನ್ಯ ಬಂದು ಕಿತ್ತೂರು ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ತೀರಿಕೊಂಡಳು. ದತ್ತು ಮಗನಿಗೆ ಪಟ್ಟ ಕಟ್ಟಬೇಕೆಂದು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ದತ್ತನ್ನು ನಿರಾಕರಿಸಿದ ಕ್ರಮ ಒಂದು ಸಂಸ್ಥಾನವನ್ನು ನುಂಗುವ ಉಪಾಯವೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದರ ಇನ್ನೊಂದು ಮುಖವನ್ನು ಯಾರೂ ಒತ್ತಿ ಹೇಳಿದಂತಿಲ್ಲ. ಅರಸನಿಲ್ಲದ ಮನೆಯಲ್ಲಿ ಹೆಣ್ಣಿಗೆ ಆಳುವ ದಾರಿ ತೆರೆಯುತ್ತಿದ್ದುದು ದತ್ತಿನ ಮೂಲಕ. ಆ ದಾರಿಯನ್ನು ಮುಚ್ಚಿದಾಗ ಸಂಸ್ಥಾನ ಹೋಗುವುದರ ಜೊತೆಗೆ ಆಳುವ ವಿಧವೆಯೆಂಬ ಸ್ಥಾನವೂ ಹೋಯಿತು. ಝಾನ್ಸಿಯಲ್ಲಿ ಮೂವತ್ತು ವರ್ಷಗಳ ಅನಂತರ ಮರುಕಳಿಸಿದ್ದೂ ಇದೇ ಕತೆ. ಕಂಪನಿಯ ಆಳ್ವಿಕೆ ಮುಗಿದು, 1858ರಲ್ಲಿ ವಿಕ್ಟೋರಿಯಾಳ ಹೆಸರಿನಲ್ಲಿ ಘೋಷಣೆ ಹೊರಟ ಮೇಲೆ ದತ್ತಿನ ಹಕ್ಕನ್ನು ದೇಶೀಯ ಸಂಸ್ಥಾನಗಳಿಗೆ ಮರಳಿ ಒಪ್ಪಲಾಯಿತು. ಮೈಸೂರಿನಲ್ಲಿ ದತ್ತು ಬಂದ ಚಾಮರಾಜೇಂದ್ರ ಒಡೆಯರು 1894ರಲ್ಲಿ ತೀರಿಕೊಂಡಾಗ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು 1902ರವರೆಗೆ ಮಗನ ಪರವಾಗಿ ರಾಜ್ಯವನ್ನು ನಡೆಸಿದರು. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಆರಂಭವಾದದ್ದು, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದದ್ದು ಅವರ ಕಾಲದಲ್ಲಿ. ಕತ್ತಿ ಹಿಡಿಯದ ಈ ರಾಣಿಗೆ ಲಾವಣಿಗಳಿಲ್ಲ.

ಎರಡು ಅಚ್ಚುಗಳು

ಕನ್ನಡದ ಕಾವ್ಯ, ನಾಟಕ, ಚಲನಚಿತ್ರ, ಜನಪ್ರಿಯ ಚರಿತ್ರೆಗಳಲ್ಲಿ ಆಳಿದ ಹೆಣ್ಣನ್ನು ಎರಕ ಹೊಯ್ಯುವ ಅಚ್ಚುಗಳು ಎರಡೇ. ಒಂದು ವೀರರಾಣಿಯ ಅಚ್ಚು. ಸೋಲು, ಸೆರೆ, ಮರಣಗಳು ಇದರ ಅಂಗಗಳು. ಆಳಿದ ವರ್ಷಗಳು ಹಿನ್ನೆಲೆಗೆ ಸರಿದು, ಕಾದಿದ ದಿನ ಮಾತ್ರ ಉಳಿಯುತ್ತದೆ. ಕಿತ್ತೂರ ಚೆನ್ನಮ್ಮನ ಪ್ರತಿಮೆ 2007ರಲ್ಲಿ ಸಂಸತ್ ಭವನದ ಆವರಣವನ್ನು ಸೇರಿತು. ಕುದುರೆ ಮತ್ತು ಕತ್ತಿಗಳಿಲ್ಲದೆ ಆಕೆಯನ್ನು ಕಲ್ಪಿಸಿಕೊಳ್ಳುವುದು ಇಂದು ಕಷ್ಟವಾಗಿದೆ.

ಇನ್ನೊಂದು ಅಚ್ಚು ಅಪವಾದದ್ದು. ಗೇರುಸೊಪ್ಪೆಯ ಕೊನೆಯ ರಾಣಿ ಕೀಳು ಮನುಷ್ಯನೊಬ್ಬನಲ್ಲಿ ಅನುರಕ್ತಳಾಗಿ ರಾಜ್ಯವನ್ನು ಕಳೆದುಕೊಂಡಳೆಂದು ದೆಲ್ಲಾ ವಲ್ಲೆ ತಾನು ಕೇಳಿದ ಕತೆಯನ್ನು ಬರೆದಿಟ್ಟಿದ್ದಾನೆ. ಆತ ಪಯಣಿಸುತ್ತಿದ್ದದ್ದು ಅದನ್ನು ಗೆದ್ದ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ. ಗೆದ್ದವರ ಸೀಮೆಯಲ್ಲಿ ಸೋತವಳ ಬಗೆಗೆ ಇನ್ನೆಂಥ ಕತೆ ಕೇಳಿಬಂದೀತು? ಕಾಲಚಕ್ರ ತಿರುಗಿ 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ, ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯ ಬಗೆಗೂ ಅಂಥದೇ ಕತೆ ಹಬ್ಬಿತು: ಜಾರನೊಬ್ಬನ ಮಾತು ಕೇಳಿ ದತ್ತು ಮಗನನ್ನು ಕೊಲ್ಲಿಸಿದಳೆಂದು. ಆಕೆ ಮಧುಗಿರಿಯ ಸೆರೆಯಲ್ಲಿದ್ದು, 1767ರಲ್ಲಿ ಮರಾಠರಿಂದ ಬಿಡುಗಡೆ ಹೊಂದಿ, ಪುಣೆಯ ದಾರಿಯಲ್ಲಿ ತೀರಿಕೊಂಡಳು. ಇಂಗ್ಲೆಂಡಿನ ಎಲಿಜಬೆತ್ ಮತ್ತು ಲೆಸ್ಟರನ ಬಗೆಗೂ ಪಿಸುಮಾತುಗಳಿದ್ದವು. ಆದರೆ ಆಕೆ ಸೋಲಲಿಲ್ಲವಾದ್ದರಿಂದ ಅವು ಚರಿತ್ರೆಯ ಅಂಚಿನಲ್ಲಿಯೇ ಉಳಿದವು. ಸೋತ ಅರಸನ ವಿಷಯದಲ್ಲಿ ಚರಿತ್ರೆ ಅವನ ಸೈನ್ಯವನ್ನೂ ಬೊಕ್ಕಸವನ್ನೂ ಪರೀಕ್ಷಿಸುತ್ತದೆ. ಸೋತ ರಾಣಿಯ ವಿಷಯದಲ್ಲಿ ಅವಳ ಹಾಸಿಗೆಯನ್ನು ಪರೀಕ್ಷಿಸುತ್ತದೆ. ಇಂಥ ಕತೆಗಳನ್ನು ಆಧಾರಗಳೆಂದು ಉದ್ಧರಿಸುವ ಮೊದಲು ಅವು ಯಾರ ಆಶ್ರಯದಲ್ಲಿ ಹುಟ್ಟಿದವೆಂದು ಕೇಳುವುದು ಸಂಶೋಧಕರ ಹೊಣೆ.

ಈ ಎರಡು ಅಚ್ಚುಗಳ ನಡುವೆ ಮರೆಯಾಗಿರುವುದು ಆಳ್ವಿಕೆ. ಮೆಣಸಿನ ಬೆಲೆ, ಕಾಲುವೆಯ ಆಳ, ದತ್ತಿನ ಕರಾರು, ದೇವಸ್ಥಾನದ ಉಂಬಳಿ, ನೆರೆರಾಜ್ಯಕ್ಕೆ ಬರೆದ ಓಲೆ, ಇವುಗಳಿಂದಲೇ ರಾಜ್ಯ ನಡೆಯುವುದು. ಕೆಳದಿಯ ಕಡತಗಳೂ ಪೋರ್ಚುಗೀಸರೊಡನೆ ಆದ ಒಪ್ಪಂದಗಳೂ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವೂ ಈ ದೃಷ್ಟಿಯಿಂದ ಮರುಪರಿಶೀಲನೆಗೆ ಅರ್ಹವಾಗಿವೆ. ಫ್ಲೀಟನು 1880ರ ದಶಕದಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೆ. ಅವು ಅಚ್ಚಾದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆ ಹೊರಡುತ್ತಿದ್ದುದು ಮುಂಬಯಿಯಿಂದ. ಈ ಕೆಲಸದಲ್ಲಿ ಮುಂಬಯಿಯ ಕನ್ನಡ ವಿದ್ಯಾರ್ಥಿಗಳಿಗೆ ಪರಂಪರೆಯ ಹಕ್ಕೇ ಇದೆಯೆನ್ನಬಹುದು.

ಪಟ್ಟಿಯಲ್ಲಿ ಹೆಸರು

ಇಷ್ಟೆಲ್ಲ ಹಳೆಯ ಸಂಗತಿಗಳಿಂದ ಇಂದಿನ ಧಾರಾವಿಗೆ ಏನು ಪ್ರಯೋಜನವೆಂದು ಕೇಳುವವರಿರಬಹುದು. ಇಂಗ್ಲೆಂಡಿನ ಪಟ್ಟದ ಕಾನೂನು ಬದಲಾದ 2013ರಲ್ಲಿಯೇ ಭಾರತದಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾನೂನು ಬಂದಿತು. ಅದರಂತೆ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ ಹದಿನೆಂಟು ತುಂಬಿದ ಹೆಂಗಸರಲ್ಲಿ ಹಿರಿಯಳು. ಅರಮನೆಗೂ ಗುಡಿಸಲಿಗೂ ಒಂದೇ ವರ್ಷ ಒಂದೇ ಬಗೆಯ ಮಾತು ಹೇಳಬೇಕಾಗಿ ಬಂದದ್ದು ಯೋಚಿಸತಕ್ಕ ಸಂಗತಿ. 2023ರಲ್ಲಿ ಕರ್ನಾಟಕ ಸರ್ಕಾರ ಗೃಹಲಕ್ಷ್ಮಿ ಯೋಜನೆಯನ್ನು ತಂದಾಗ ‘ಮನೆಯ ಯಜಮಾನಿ’ ಎಂಬ ಪದ ಸರ್ಕಾರದ ಕಾಗದಗಳಿಗೆ ಬಂದಿತು. ಯಜಮಾನನ ಹೆಂಡತಿಯೆಂಬ ಅರ್ಥದಲ್ಲಿ ಬಳಕೆಯಾಗುತ್ತಿದ್ದ ಪದ ಮನೆಯನ್ನು ನಡೆಸುವವಳೆಂಬ ಅರ್ಥವನ್ನು ಪಡೆಯಿತು. ‘ಅರಸಿ’ ಎಂಬ ಪದ ಶತಮಾನಗಳಿಂದ ಎದುರಿಸಿದ ಇಬ್ಬಂದಿಯೇ ಇಲ್ಲಿಯೂ ಇದೆ.

ಧಾರಾವಿಯ ಗಲ್ಲಿಗಳಲ್ಲಿ ಬಿದಿರಬುಟ್ಟಿಗಳನ್ನು ಬೋರಲಿಟ್ಟು ಹಪ್ಪಳ ಒಣಗಿಸುವವರು, ಹೊಲಿಗೆಯ ಕೆಲಸ ಹಿಡಿದವರು, ಮನೆಗೆಲಸಕ್ಕೆ ಹೋಗುವವರು ಹೆಂಗಸರು. ಎಷ್ಟೋ ಮನೆಗಳಲ್ಲಿ ದುಡಿಮೆಯೂ ಲೆಕ್ಕವೂ ತೀರ್ಮಾನವೂ ಅವರವು. ಧಾರಾವಿಯ ಪುನರಭಿವೃದ್ಧಿಗಾಗಿ 2024ರಲ್ಲಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. ಯಾರ ಹೆಸರಿನ ಕಾಗದ, ಯಾವ ವರ್ಷದ ಕಾಗದ ಎಂಬುದರ ಮೇಲೆ ಒಂದು ಕುಟುಂಬ ಎಲ್ಲಿ ಉಳಿಯುತ್ತದೆಂಬುದು ನಿಂತಿದೆ. ಮಹಾರಾಷ್ಟ್ರದ ಕೊಳೆಗೇರಿ ಪುನರ್ವಸತಿಯ ನಿಯಮಗಳು ಹೊಸ ಮನೆಯನ್ನು ಗಂಡಹೆಂಡಿರ ಜಂಟಿ ಹೆಸರಿಗೆ ಕೊಡಬೇಕೆನ್ನುತ್ತವೆ. ಒಳ್ಳೆಯ ನಿಯಮ. ಆದರೆ ಇಂಗ್ಲೆಂಡಿನ ಎರಡನೆಯ ಮೇರಿಯ ಕತೆಯನ್ನು ಬಲ್ಲವರಿಗೆ ಜಂಟಿ ಹೆಸರಿನ ಆಚೆಗೂ ಒಂದು ಪ್ರಶ್ನೆಯಿರುವುದು ತಿಳಿದಿರುತ್ತದೆ. ಜಕ್ಕಿಯಬ್ಬೆಯ ಶಾಸನವನ್ನು ಓದಿದವರಿಗೆ, ಗಂಡ ತೀರಿಕೊಂಡ ಮನೆಯಲ್ಲಿ ಪದವಿ ಹೆಂಡತಿಗೆ ಬರುವುದು ಹನ್ನೊಂದು ಶತಮಾನಗಳ ಹಿಂದೆಯೇ ಈ ನುಡಿಯಲ್ಲಿ ದಾಖಲಾಗಿತ್ತೆಂಬುದೂ ತಿಳಿದಿರುತ್ತದೆ.

ಮಿಠಿ ನದಿಯ ಒಂದು ದಡಕ್ಕೆ ಧಾರಾವಿ, ಇನ್ನೊಂದು ಕಡೆಗೆ ಕಲೀನಾದ ವಿದ್ಯಾನಗರಿ. ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ದಿನಗಳಲ್ಲಿ, ಕನ್ನಡದಲ್ಲಿ ಓದುವುದರಿಂದ ಏನು ದೊರೆಯುತ್ತದೆಂದು ತಾಯಂದಿರು ಕೇಳಿದರೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು: ಹೆಂಗಸರು ಆಳಿದ ನೆನಪು ಈ ನುಡಿಯಲ್ಲಿ ಕಲ್ಲಿನ ಮೇಲೆ ಉಳಿದಿದೆ. ಅದನ್ನು ಮಕ್ಕಳಿಗೆ ಓದಿಸುವವರು ಬೇಕು. ಕಾಲಾ ಕಿಲ್ಲೆಯ ಕಲ್ಲಿನ ಮೇಲೆ ಗವರ್ನರನ ಹೆಸರಿದೆ. ಅರಸೀಬೀಡಿನ ಕಲ್ಲಿನ ಮೇಲೆ ಅಕ್ಕಾದೇವಿಯ ಹೆಸರಿದೆ. ಮೊದಲನೆಯ ಕಲ್ಲಿನ ನೆರಳಿನಲ್ಲಿ ಬೆಳೆಯುವ ಕನ್ನಡದ ಹೆಣ್ಣುಮಗುವಿಗೆ ಎರಡನೆಯ ಕಲ್ಲನ್ನು ಓದಬಲ್ಲ ಕಣ್ಣನ್ನು ಕೊಡುವುದು ಕನ್ನಡ ವಿಭಾಗಗಳ ಕರ್ತವ್ಯವಾಗಿದೆ.